‘ಅಲ್ಲಿ ನೋಡಲು ಏನಿದೆ?’ ಎನ್ನುವವರಿಗೆ

ಪರದೇಶ ಪ್ರವಾಸ ಈಗ ಹೊರನಾಡ ಕನ್ನಡಿಗರ ಮನೆಗಳಲ್ಲಿ ಅಪರೂಪದ ಸಂಗತಿಯಲ್ಲ. ಮಗನೋ ಮಗಳೋ ಯುರೋಪಿನಲ್ಲಿ ನೌಕರಿಗೆ ಸೇರಿದರೆ ತಂದೆತಾಯಿ ಒಂದು ಸಲವಾದರೂ ಹೋಗಿ ಬರುತ್ತಾರೆ. ಅಲ್ಲಿ ಯಾರೂ ಇಲ್ಲದವರು ಪ್ರವಾಸ ಸಂಸ್ಥೆಯ ಬಸ್ಸು ಹತ್ತುತ್ತಾರೆ. ಸಂತೋಷ. ಆದರೆ ಡೆನ್ಮಾರ್ಕಿಗೆ ಹೋಗಿ ಬಂದವರನ್ನು ‘ಏನೇನು ನೋಡಿದಿರಿ?’ ಎಂದು ಕೇಳಿದರೆ ಹತ್ತು ಮಂದಿಯಿಂದ ಬರುವುದು ಒಂದೇ ಪಟ್ಟಿ. ಕೋಪನ್‌ಹೇಗನ್ ಬಂದರಿನ ಕಲ್ಲಿನ ಮೇಲೆ ಕುಳಿತ ಮತ್ಸ್ಯಕನ್ಯೆ, 1843ರಿಂದ ನಡೆಯುತ್ತಿರುವ ಟಿವೊಲಿ ಉದ್ಯಾನ, ಅರಮನೆಯ ಕಾವಲುಗಾರರು, ಸಮಯ ಉಳಿದರೆ ಹೆಲ್ಸಿಂಗೋರಿನ ಕೋಟೆ. ಪಟ್ಟಿಯಲ್ಲಿರುವುದು ಯಾವುದೂ ಕೀಳಲ್ಲ. ಪಟ್ಟಿಯಲ್ಲಿ ಇಲ್ಲದುದನ್ನು ಕುರಿತು ಹೇಳಿದಾಗ ಬರುವ ಉತ್ತರದ ಮೇಲೆ ನಮ್ಮ ತಕರಾರು: ‘ಅಲ್ಲಿ ನೋಡಲು ಏನಿದೆ?’

ಈ ಪ್ರಶ್ನೆ ಮುಗ್ಧವಾದುದೆಂದು ನಾವು ಒಪ್ಪುವುದಿಲ್ಲ. ಇದು ಪ್ರಶ್ನೆಯ ವೇಷ ತೊಟ್ಟ ತೀರ್ಪು. ಎತ್ತರವಿಲ್ಲದ್ದು, ಹೊಳಪಿಲ್ಲದ್ದು, ಹೆಸರಿಲ್ಲದ್ದು ನೋಡತಕ್ಕದ್ದಲ್ಲ ಎಂಬ ತೀರ್ಪು. ಹೀಗೆ ತೀರ್ಮಾನಿಸಿದವರು ಊರಿಗೆ ಮರಳಿದ ಮೇಲೂ ಅದೇ ಕಣ್ಣಿನಿಂದ ನೋಡುತ್ತಾರೆ. ಹಾಳು ಗುಡಿ, ಮುರಿದ ವೀರಗಲ್ಲು, ಹೊಲದ ನಡುವಿನ ಶಾಸನ ಅವರಿಗೆ ಕಾಣಿಸುವುದೇ ಇಲ್ಲ. ಕಾಣದ ವಸ್ತು ಕಳೆದುಹೋದರೆ ಕೇಳುವವರಾರು? ಆದ್ದರಿಂದ ಈ ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಆಡಬೇಕಾಗಿದೆ. ಉದಾಹರಣೆಗೆ ನಾವು ಆರಿಸಿಕೊಂಡಿರುವುದು ಡೆನ್ಮಾರ್ಕಿನ ಒಂದು ಕಾಡಿನೊಳಗಿನ ಆಸ್ಸೆರ್ಬೋ ಎಂಬ ಪಾಳುಕೋಟೆಯನ್ನು.

ಆಸ್ಸೆರ್ಬೋ ಇರುವುದು ಶೆಲಾನ್ ದ್ವೀಪದ ಉತ್ತರದಲ್ಲಿ, ಟಿಸ್ವಿಲ್ಡೆ ಹೇಗ್ನ್ ಎಂಬ ಅರಣ್ಯದ ನೈರುತ್ಯ ಅಂಚಿನಲ್ಲಿ. ಕೋಪನ್‌ಹೇಗನ್ನಿನಿಂದ ಹಿಲೆರೋಡಿನವರೆಗೆ ನಗರದ ರೈಲು, ಅಲ್ಲಿಂದ ಫ್ರೆಡೆರಿಕ್ಸ್‌ವೆರ್ಕ್ ಕಡೆಗೆ ಚಿಕ್ಕ ಸ್ಥಳೀಯ ರೈಲು. ಆಮೇಲೆ ಸ್ವಲ್ಪ ದೂರ ವಾಹನ, ಕೊನೆಗೆ ಕಾಲ್ನಡಿಗೆ. ನಮ್ಮ ಪ್ರವಾಸದ ವ್ಯವಸ್ಥೆ ಮಾಡಿದವರು ‘ಅದು ನಮ್ಮ ಪಟ್ಟಿಯಲ್ಲಿಲ್ಲ, ಅಲ್ಲಿ ಇಟ್ಟಿಗೆಯ ಸಾಲು ಬಿಟ್ಟರೆ ಏನೂ ಇಲ್ಲ’ ಎಂದರು. ಬಿಡುವಿನ ದಿನವೊಂದರಲ್ಲಿ ನಾವು ಎರಡು ಕುಟುಂಬದವರು ನಾವಾಗಿಯೇ ಹೋದೆವು. ಅವರು ಹೇಳಿದ್ದು ಅಕ್ಷರಶಃ ನಿಜ. ಪೈನ್ ಮರಗಳ ನಡುವೆ ನೀರು ತುಂಬಿದ ಕಂದಕ, ಅದಕ್ಕೊಂದು ಮರದ ಸೇತುವೆ, ಅದರಾಚೆ ತಗ್ಗಾದ ಗೋಡೆಗಳ ಬುಡ. ಟಿಕೇಟಿನ ಕಿಂಡಿಯಿಲ್ಲ, ಕಾವಲುಗಾರನಿಲ್ಲ, ಆಟಿಕೆ ಮಾರುವ ಅಂಗಡಿಯಿಲ್ಲ. ಹಕ್ಕಿಯ ದನಿ, ಗಾಳಿಗೆ ಮರ ತೂಗುವ ಸದ್ದು, ಅಷ್ಟೇ. ಆದರೆ ‘ಏನೂ ಇಲ್ಲ’ ಎಂಬುದು ಮಾತ್ರ ಸುಳ್ಳು.

ಕೋಪನ್‌ಹೇಗನ್ನಿನ ಚೌಕವೊಂದರಲ್ಲಿ ಕುದುರೆಯೇರಿದ ಬಿಷಪ್ ಅಬ್ಸಲೋನನ ಪ್ರತಿಮೆ ಇದೆ. ಆ ನಗರದ ಸ್ಥಾಪಕನೆಂದು ಅವನನ್ನು ಪ್ರವಾಸಿಗರಿಗೆ ತೋರಿಸುತ್ತಾರೆ. 12ನೆಯ ಶತಮಾನದ ಅರುವತ್ತರ ದಶಕದಲ್ಲಿ ಈ ಆಸ್ಸೆರ್ಬೋಗೆ ಕಾರ್ತೂಸಿಯನ್ ಸಂನ್ಯಾಸಿಗಳನ್ನು ಕರೆಸಿದವನೂ ಅವನೇ. 1084ರಲ್ಲಿ ಫ್ರಾನ್ಸಿನ ಬೆಟ್ಟಗಳಲ್ಲಿ ಹುಟ್ಟಿದ ಆ ಪಂಥದವರು ಒಬ್ಬೊಬ್ಬರೂ ಬೇರೆ ಬೇರೆ ಕೋಣೆಯಲ್ಲಿ, ಬಹುಮಟ್ಟಿಗೆ ಮೌನದಲ್ಲಿ ಬಾಳುವವರು. ಇಲ್ಲಿ ಅವರು ನೆಲೆಯೂರಲಿಲ್ಲ. ಕೆಲವೇ ವರ್ಷಗಳಲ್ಲಿ ಬಿಟ್ಟು ಹೋದರು. ಜಾಗ ಸೊರೋ ಎಂಬಲ್ಲಿಯ ಸಿಸ್ಟರ್ಸಿಯನ್ ಮಠದ ಪಾಲಾಯಿತು. ಕಾಲಾನಂತರ ಇಲ್ಲಿ ಕಂದಕದ ನಡುವೆ ಇಟ್ಟಿಗೆಯ ಕೋಟೆಮನೆಯೊಂದು ಎದ್ದಿತು. ಆಮೇಲೆ ಬಂದುದು ಶತ್ರುವಿನ ಸೈನ್ಯವಲ್ಲ. ಬಂದುದು ಮರಳು.

ಸಮುದ್ರದ ಕಡೆಯಿಂದ ಗಾಳಿ ಮರಳನ್ನು ಹೊತ್ತು ತಂದು ಹೊಲಕ್ಕೆ ಸುರಿಯಿತು, ಬಾವಿಗೆ ಸುರಿಯಿತು, ಮನೆಗೆ ಸುರಿಯಿತು. ಹತ್ತಿರದ ತೋರುಪ್ ಎಂಬ ಹಳ್ಳಿ ಹಾಳಾಯಿತು. ಅದರ ಮನೆಗಳ ಬುನಾದಿಯ ಕಲ್ಲುಗಳನ್ನು ಈಗಲೂ ಅದೇ ಕಾಡಿನಲ್ಲಿ ಕಾಣಬಹುದು. ಟಿಬಿರ್ಕೆ ಎಂಬಲ್ಲಿಯ ಇಗರ್ಜಿಯ ಬಾಗಿಲವರೆಗೂ ಮರಳು ನುಗ್ಗಿತು. 1700ರ ಹೊತ್ತಿಗೆ ಆಸ್ಸೆರ್ಬೋ ಕೋಟೆ ಮರಳಿನ ಅಡಿಯಲ್ಲಿತ್ತು. ಒಂದು ರಾಜ್ಯದ ಕೋಟೆ, ಒಂದು ಊರಿನ ಬಾಳು, ನೂರಿನ್ನೂರು ವರ್ಷಗಳಲ್ಲಿ ಸದ್ದಿಲ್ಲದೆ ಹೂತು ಹೋದುವು. ಡೆನ್ಮಾರ್ಕಿನ ಉತ್ತರ ತುದಿಯ ಸ್ಕಾಯೆನ್‌ನಲ್ಲೂ ಇದೇ ಕಥೆ. ಅಲ್ಲಿಯ ಇಗರ್ಜಿಯನ್ನು ಮರಳಿನೊಡನೆ ಹೋರಾಡಿ ಸೋತು 1795ರಲ್ಲಿ ಮುಚ್ಚಿದರು. ಇಂದು ಗೋಪುರ ಮಾತ್ರ ದಿಬ್ಬದ ಮೇಲೆ ನಿಂತಿದೆ.

ಇದು ದೈವದ ಕೋಪವೇ? ಅಲ್ಲ. ಕಾಡು ಕಡಿದವರು ಮನುಷ್ಯರು. ದನಕುರಿಗಳನ್ನು ಮಿತಿಯಿಲ್ಲದೆ ಮೇಯಿಸಿದವರು ಮನುಷ್ಯರು. ಕಡಲ ದಂಡೆಯ ದಿಬ್ಬಗಳ ಮೇಲೆ ಬೆಳೆಯುವ ಒರಟು ಹುಲ್ಲಿನ ಬೇರುಗಳೇ ಮರಳನ್ನು ಹಿಡಿದಿಡುವ ಹಗ್ಗ. ಆ ಹುಲ್ಲನ್ನು ಮೇವಿಗೆ, ಹುರಿಗೆ, ಮನೆಯ ಹೊದಿಕೆಗೆ ಎಂದು ಕಿತ್ತವರೂ ಮನುಷ್ಯರೇ. ಜೊತೆಗೆ ಚಳಿ ಹೆಚ್ಚಿದ, ಬಿರುಗಾಳಿ ಹೆಚ್ಚಿದ ಶತಮಾನಗಳು ಬಂದುವು. ಗಾಳಿ ಬೀಸಿದ್ದು ನಿಜ. ಬಾಗಿಲು ತೆರೆದಿಟ್ಟವರು ತಾವೇ. ಈ ಸತ್ಯ ಆಗಿನವರಿಗೆ ತಿಳಿಯದಿರಲಿಲ್ಲ. 1539ರಷ್ಟು ಹಿಂದೆಯೇ ದೊರೆ ಮೂರನೆಯ ಕ್ರಿಶ್ಚಿಯನ್ ದಿಬ್ಬದ ಹುಲ್ಲು ಕೀಳಬಾರದೆಂದು ಆಜ್ಞೆ ಹೊರಡಿಸಿದ್ದನು. ಆಜ್ಞೆ ಹೊರಟಿತು, ಹುಲ್ಲು ಕೀಳುವುದು ನಿಲ್ಲಲಿಲ್ಲ. ಹಸಿದ ದನದ ಮುಂದೆ ಅರಸನ ಕಾಗದಕ್ಕೆ ಎಷ್ಟು ಬೆಲೆ? ಬಡತನವನ್ನು ಹಾಗೆಯೇ ಬಿಟ್ಟು ನಿಷೇಧವನ್ನು ಮಾತ್ರ ಹೇರುವ ಕಾನೂನಿನ ಗತಿ ಎಲ್ಲ ಕಾಲದಲ್ಲೂ ಇಷ್ಟೇ.

ಈಗ ನಾವು ಮುಖ್ಯವೆಂದು ಎಣಿಸುವ ಸಂಗತಿಗೆ ಬರೋಣ. ಆಸ್ಸೆರ್ಬೋಗೆ ಹೋದವರು ‘ಆಹಾ, ಎಷ್ಟು ಪುರಾತನ ಅರಣ್ಯ! ಅದರೊಳಗೆ ಅಡಗಿದ ಕೋಟೆ!’ ಎಂದು ಉದ್ಗಾರ ತೆಗೆಯುವುದುಂಟು. ವಸ್ತುಸ್ಥಿತಿ ತಲೆಕೆಳಗು. ಕೋಟೆ ಹಳೆಯದು, ಕಾಡು ಹೊಸದು. 18ನೆಯ ಶತಮಾನದ ಇಪ್ಪತ್ತರ ದಶಕದಲ್ಲಿ ರೋಲ್ ಎಂಬ ಅಧಿಕಾರಿಯನ್ನು ಮರಳು ತಡೆಯಲು ಇಲ್ಲಿಗೆ ನೇಮಿಸಿದರು. ಬೇಲಿ ಹಾಕಿಸಿ, ಮರಳಿನ ಮೇಲೆ ಹುಲ್ಲುಹೆಂಟೆ ಮತ್ತು ಕಡಲ ಪಾಚಿ ಹೊದಿಸಿ, ಹುಲ್ಲು ನೆಡಿಸಿ, ಹತ್ತು ಹದಿನೈದು ವರ್ಷ ದುಡಿಸಿ ಮರಳನ್ನು ಕಟ್ಟಿಹಾಕಿದರು. ಶತಮಾನದ ಕೊನೆಯ ಹೊತ್ತಿಗೆ ಮರ ನೆಡುವ ಕೆಲಸ ಆರಂಭವಾಯಿತು. ಇಂದು ನಾವು ಪ್ರಶಾಂತವೆಂದು ಹೊಗಳುವ ಈ ವನ ಪ್ರಕೃತಿಯ ದಾನವಲ್ಲ, ಮನುಷ್ಯನ ಪ್ರಾಯಶ್ಚಿತ್ತ. ಯಾವ ತಪ್ಪು ಕೋಟೆಯನ್ನು ಹೂತಿತೋ ಆ ತಪ್ಪಿನ ತಿದ್ದುಪಡಿಯೇ ಈ ಕಾಡು. ಮತ್ಸ್ಯಕನ್ಯೆಯ ಮುಂದೆ ನಿಂತು ಕಲಿಯಲಾಗದ ಪಾಠವಿದು.

ಇಷ್ಟು ಹೇಳಿದ ಮಾತ್ರಕ್ಕೆ ನಾವು ಬಿಳಿಯರ ಭಜನೆ ಮಾಡುತ್ತಿದ್ದೇವೆಂದು ಯಾರೂ ತಿಳಿಯಬಾರದು. ಆ ಕಾಡಿನ ಸಮೀಪ ಮರಳಿನ ಮೇಲೆ ಗೆದ್ದ ನೆನಪಿಗೆ 1738ರ ಕಲ್ಲಿನ ಸ್ತಂಭವೊಂದಿದೆ. ಅದರ ಮೇಲೆ ಲ್ಯಾಟಿನ್, ಡೇನಿಷ್, ಜರ್ಮನ್ ಮೂರು ಭಾಷೆಗಳಲ್ಲಿ ಬರಹವಿದೆ. ದೊರೆಯ ಹೆಸರಿದೆ, ಅಧಿಕಾರಿಗಳ ಹೆಸರಿದೆ. ಗಾಡಿಗಟ್ಟಲೆ ಪಾಚಿ ಹೊತ್ತ, ಗಾಳಿಯಲ್ಲಿ ಬಗ್ಗಿ ಹುಲ್ಲು ನೆಟ್ಟ ರೈತನ ಹೆಸರಿಲ್ಲ. ಸುತ್ತಲಿನ ರೈತರಿಗೆ ಅದು ಕಡ್ಡಾಯದ ಬಿಟ್ಟಿ ದುಡಿಮೆ. ಅದೇ ಕಾಲಕ್ಕೆ, 1733ರಲ್ಲಿ, ರೈತಾಪಿ ಗಂಡಸರು ಹುಟ್ಟಿದ ಜಮೀನುದಾರಿಯನ್ನು ಬಿಟ್ಟು ಹೋಗಕೂಡದೆಂಬ ಕಟ್ಟಳೆ ಆ ದೇಶದಲ್ಲಿ ಬಂದಿತು. ಅದು ರದ್ದಾದುದು 1788ರಲ್ಲಿ. ಊರಿನ ಹೊಲ ಉಳಿಸಿದವನಿಗೆ ಊರು ಬಿಡುವ ಸ್ವಾತಂತ್ರ್ಯವೇ ಇರಲಿಲ್ಲ. ಸ್ತಂಭದ ಮೂರು ಭಾಷೆಗಳಲ್ಲೂ ಈ ಮಾತಿಗೆ ಜಾಗವಿಲ್ಲ. ತಗ್ಗಾದ ಇಟ್ಟಿಗೆಯ ಸಾಲಿನಲ್ಲಿ ಇಂಥ ಹೊಗಳಿಕೆಯ ಬರಹವಿಲ್ಲ, ಸುಳ್ಳೂ ಇಲ್ಲ. ಪಾಳುಗೋಡೆಯನ್ನು ನಾವು ಸ್ತಂಭಕ್ಕಿಂತ ಹೆಚ್ಚು ನಂಬುವುದು ಇದಕ್ಕಾಗಿಯೇ.

ಮರಳಿನಲ್ಲಿ ಹೂತ ಊರೆಂದರೆ ಕನ್ನಡಿಗರಿಗೆ ತಲಕಾಡು ನೆನಪಾಗದಿರದು. ಚೋಳರನ್ನು ಗೆದ್ದು ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣ ಗುಡಿ, ಪಾತಾಳೇಶ್ವರ, ಮರಳೇಶ್ವರ ಎಲ್ಲವನ್ನೂ ಕಾವೇರಿಯ ಮರಳಿನಿಂದ ತೋಡಿ ತೆಗೆಯಬೇಕಾಯಿತು. ಅದಕ್ಕೆ ಕಾರಣವೇನೆಂದು ನಮ್ಮ ಮಕ್ಕಳನ್ನು ಕೇಳಿ. ಅಲಮೇಲಮ್ಮನ ಶಾಪ ಎನ್ನುತ್ತಾರೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡಾಗ ಒಡವೆಗಾಗಿ ಬೆನ್ನಟ್ಟಿದ ಸೈನಿಕರಿಂದ ತಪ್ಪಿಸಿಕೊಂಡು ಕಾವೇರಿಗೆ ಹಾರಿದ ಆ ತಾಯಿಯ ಕಥೆ ಮನಸ್ಸನ್ನು ಕಲಕುವಂಥದು, ನಿಜ. ಆದರೆ 14ನೆಯ ಶತಮಾನದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನಿಂದ ಹೊಳೆಯ ಪಾತ್ರದ ಮರಳು ಬಯಲಾಗಿ ಗಾಳಿಗೆ ಸಿಕ್ಕಿತೆಂಬ ವಾದವನ್ನು ವಿಜ್ಞಾನಿ ಕೆ.ಎನ್. ಗಣೇಶಯ್ಯನವರು ಮುಂದಿಟ್ಟಿದ್ದಾರೆ. ಅದನ್ನು ಎಷ್ಟು ಮನೆಗಳಲ್ಲಿ ಹೇಳುತ್ತೇವೆ? ಶಾಪವೆಂದುಬಿಟ್ಟರೆ ಲೆಕ್ಕ ಚುಕ್ತಾ. ಒಬ್ಬ ನೊಂದ ಹೆಂಗಸಿನ ಬಾಯಿಗೆ ಎಲ್ಲವನ್ನೂ ಕಟ್ಟಿ ನಮ್ಮ ಕೈ ತೊಳೆದುಕೊಳ್ಳಬಹುದು. ಕಥೆ ಇರಲಿ, ಅದು ಕಾರಣದ ಜಾಗದಲ್ಲಿ ಕುಳಿತುಕೊಳ್ಳುವುದು ಬೇಡ ಎಂಬುದಷ್ಟೇ ನಮ್ಮ ವಿನಂತಿ.

ಇನ್ನು ಆಕ್ಷೇಪಣೆಗಳು. ಮೊದಲನೆಯದು: ‘ನಮ್ಮಲ್ಲೇ ಬೇಕಾದಷ್ಟು ಹಾಳು ಕೋಟೆಗಳಿವೆ, ಅದಕ್ಕಾಗಿ ಅಷ್ಟು ದೂರ ಹೋಗಬೇಕೆ?’ ಹೋಗಬೇಕಾಗಿಲ್ಲ. ಆದರೆ ಹೀಗೆ ಕೇಳುವವರು ನಮ್ಮಲ್ಲಿರುವ ಹಾಳು ಕೋಟೆಗಳಿಗಾದರೂ ಹೋಗಿದ್ದಾರೆಯೇ? ಹೋದವರ ಬಾಯಲ್ಲಿ ಈ ಆಕ್ಷೇಪಣೆ ಬಂದುದನ್ನು ನಾವು ಕೇಳಿಲ್ಲ. ಹಂಪಿಗೆ ಹೋಗಿ ಕಲ್ಲಿನ ರಥದ ಮುಂದೆ ಚಿತ್ರ ತೆಗೆಸಿಕೊಂಡು ಬರುವುದು ಬೇರೆ, ಹೆಸರಿಲ್ಲದ ಕೋಟೆಯ ಬುರುಜಿನ ನೆರಳಲ್ಲಿ ಅರ್ಧ ಗಂಟೆ ಕುಳಿತು ‘ಇಲ್ಲಿ ಯಾರಿದ್ದರು, ಯಾಕೆ ಹೋದರು?’ ಎಂದು ಯೋಚಿಸುವುದು ಬೇರೆ.

ಎರಡನೆಯದು: ‘ಅದೆಲ್ಲ ವಿದ್ವಾಂಸರಿಗೆ, ಮಕ್ಕಳಿಗೆ ಬೇಸರ.’ ಮಕ್ಕಳ ಹೆಸರಿನಲ್ಲಿ ದೊಡ್ಡವರು ತಮ್ಮ ಬೇಸರವನ್ನು ಹೇಳಿಕೊಳ್ಳುವುದು ಹಳೆಯ ಚಾಳಿ. ಆಸ್ಸೆರ್ಬೋದಲ್ಲಿ ನಮ್ಮ ಜೊತೆಗಿದ್ದ ಮಕ್ಕಳು ಗೋಡೆಯ ಬುಡ ನೋಡಿ ಅಡುಗೆಮನೆ ಯಾವುದು, ಬಾಗಿಲು ಯಾವ ಕಡೆ ಎಂದು ತಾವೇ ಊಹಿಸತೊಡಗಿದರು. ಅಲಂಕೃತ ಅರಮನೆಯಲ್ಲಿ ಹಗ್ಗ ಕಟ್ಟಿದ ದಾರಿ ಬಿಟ್ಟು ಕದಲುವಂತಿಲ್ಲ. ಊಹಿಸುವುದಕ್ಕೆ ಏನೂ ಉಳಿದಿರುವುದಿಲ್ಲ. ಶಾಲೆಯ ಪುಸ್ತಕದಲ್ಲಿ ನಮ್ಮ ಮಕ್ಕಳು ಓದುವ ಶಿಲಾಯುಗ, ಕಂಚಿನ ಯುಗ, ಕಬ್ಬಿಣದ ಯುಗ ಎಂಬ ವಿಂಗಡಣೆ ಎಲ್ಲಿಂದ ಬಂತು? ಕೋಪನ್‌ಹೇಗನ್ನಿನ ವಸ್ತುಸಂಗ್ರಹಾಲಯದಲ್ಲಿ ಕ್ರಿಶ್ಚಿಯನ್ ಥಾಮ್ಸನ್ ಎಂಬಾತ ರೈತರ ಹೊಲಗಳಲ್ಲಿ ಸಿಕ್ಕ ಕಲ್ಲಿನ ಕೊಡಲಿ, ಕಂಚಿನ ಕತ್ತಿಗಳನ್ನು ಜೋಡಿಸುತ್ತ ಕಂಡುಕೊಂಡ ಕ್ರಮ ಅದು. ಅವನ ಕೈಪಿಡಿ ಅಚ್ಚಾದುದು 1836ರಲ್ಲಿ. ಸಣ್ಣ ವಸ್ತುವಿನ ಮುಂದೆ ತಾಳ್ಮೆಯಿಂದ ನಿಂತದ್ದರ ಫಲ.

ಮೂರನೆಯದು, ಎಲ್ಲಕ್ಕಿಂತ ಅಪಾಯಕಾರಿಯಾದುದು: ‘ಹಾಗಾದರೆ ಅಭಿವೃದ್ಧಿ ಮಾಡಲಿ. ದೀಪ ಹಾಕಲಿ, ಹೋಟೆಲು ಬರಲಿ, ಕೋಟೆಯನ್ನು ಮತ್ತೆ ಕಟ್ಟಲಿ.’ ದೊರೆ ಏಳನೆಯ ಫ್ರೆಡೆರಿಕನಿಗೆ ಪುರಾತನ ವಸ್ತುಗಳ ಹುಚ್ಚು. 1849ರಲ್ಲಿ ನಿರಂಕುಶ ಅಧಿಕಾರ ಬಿಟ್ಟುಕೊಟ್ಟು ಸಂವಿಧಾನಕ್ಕೆ ಸಹಿ ಹಾಕಿದ ದೊರೆ ಇವನೇ. 19ನೆಯ ಶತಮಾನದ ನಡುಭಾಗದಲ್ಲಿ ಆಸ್ಸೆರ್ಬೋವನ್ನು ಮರಳಿನಿಂದ ಅಗೆಸಿದವನೂ ಇವನೇ. ಮನಸ್ಸು ಮಾಡಿದ್ದರೆ ಅವನು ಗೋಪುರ ಏರಿಸಬಹುದಿತ್ತು. ಏರಿಸಲಿಲ್ಲ. ಮುಂದಿನವರೂ ಗೋಡೆಗಳು ಕುಸಿಯದಂತೆ ಭದ್ರ ಮಾಡಿದರೇ ಹೊರತು ಹೊಸ ಕೋಟೆ ಕಟ್ಟಲಿಲ್ಲ. ನಮ್ಮಲ್ಲಿ ಜೀರ್ಣೋದ್ಧಾರ ಎಂಬ ಪುಣ್ಯದ ಹೆಸರಿನಲ್ಲಿ ಹಳೆಯ ಕಲ್ಲಿನ ಮೇಲೆ ಸಿಮೆಂಟು ಬಳಿಯುವುದು, ಶಾಸನದ ಅಕ್ಷರಗಳ ಮೇಲೆ ಬಣ್ಣ ಹೊಡೆಯುವುದು, ಕೆತ್ತನೆ ಮುಚ್ಚುವಂತೆ ಹೆಂಚು ಅಂಟಿಸುವುದು ಎಷ್ಟು ಊರುಗಳಲ್ಲಿ ನಡೆದಿಲ್ಲ! ಪೂಜೆ ನಡೆಯುವ ಗುಡಿಯ ಅಗತ್ಯ ಬೇರೆ, ಒಪ್ಪುತ್ತೇವೆ. ಆದರೆ ಹಾಳಾದುದನ್ನು ಹಾಳಾದಂತೆಯೇ ಗೌರವಿಸುವುದೂ ಒಂದು ಸಂಸ್ಕಾರ. ಸೋತದ್ದನ್ನು ಸೋತದ್ದೆಂದು ತೋರಿಸುವ ಧೈರ್ಯ ಅದು.

‘ಅವರು ಶ್ರೀಮಂತರು, ಕಾನೂನು ಬಿಗಿ, ನಮ್ಮದು ಹಾಗಲ್ಲ’ ಎಂಬ ನಾಲ್ಕನೆಯ ವಾದವೂ ಇದೆ. ಕಾನೂನನ್ನೇ ನೋಡೋಣ. ಪುರಾತನ ವಸ್ತುಗಳ ರಕ್ಷಣೆಗೆಂದು ಡೆನ್ಮಾರ್ಕಿನಲ್ಲಿ ರಾಜಮನ್ನಣೆಯ ಆಯೋಗ ಆರಂಭವಾದುದು 1807ರಲ್ಲಿ. ನೆಪೋಲಿಯನ್ ಯುದ್ಧದಲ್ಲಿ ಇಂಗ್ಲಿಷರ ನೌಕಾಪಡೆ ಕೋಪನ್‌ಹೇಗನ್ನಿಗೆ ಬೆಂಕಿಯಿಟ್ಟ ವರ್ಷವೇ ಅದು. ಶ್ರೀಮಂತಿಕೆಯ ಕಾಲವಂತೂ ಅಲ್ಲ. ಕಾಡು ದೇಶದ ನೂರರಲ್ಲಿ 4 ಪಾಲಿಗಿಂತ ಕಡಿಮೆಗೆ ಇಳಿದಾಗ 1805ರಲ್ಲಿ ಅರಣ್ಯ ಕಾನೂನು ತಂದರು. ಇಂದು ಕಾಡು ಸುಮಾರು 15 ಪಾಲು. ಅಲ್ಲಿಯ ಈಗಿನ ಕಾನೂನಿನಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ನೆಲದ ಸ್ಥಿತಿ ಬದಲಿಸುವಂತಿಲ್ಲ. ನಮ್ಮಲ್ಲಿ? 1958ರ ಸ್ಮಾರಕ ಕಾನೂನನ್ನು 2010ರಲ್ಲಿ ತಿದ್ದಿದಾಗ ಬರೆದುದೂ 100 ಮೀಟರ್ ಒಳಗೆ ಕಟ್ಟಡ ಕೂಡದೆಂದೇ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಣ. ಅಂದರೆ ಕಾಗದದ ಮೇಲೆ ನಮ್ಮದು ಅವರದಕ್ಕಿಂತ ಬಿಗಿ!

ಫಲ ಏನಾಯಿತು? ಡೆನ್ಮಾರ್ಕಿನ ವಿಸ್ತೀರ್ಣ ಕರ್ನಾಟಕದ ಕಾಲು ಭಾಗಕ್ಕಿಂತ ಕಡಿಮೆ. ಅಲ್ಲಿ ಕಾನೂನಿನ ರಕ್ಷಣೆ ಪಡೆದ ಸಮಾಧಿ ದಿಬ್ಬ, ಪಾಳು ಇತ್ಯಾದಿಗಳು 30,000ಕ್ಕೂ ಮಿಕ್ಕು. ನಮ್ಮ ಕೇಂದ್ರ ಸರಕಾರದ ಪಟ್ಟಿಯಲ್ಲಿ 2022ರಲ್ಲಿ ಇದ್ದುದು 3,693. ರಾಜ್ಯಗಳ ಪಟ್ಟಿ ಬೇರೆ, ಇರಲಿ. ಆ ವರ್ಷದ ಡಿಸೆಂಬರಿನಲ್ಲಿ ಸಂಸ್ಕೃತಿ ಸಚಿವಾಲಯವೇ ಸಂಸದೀಯ ಸಮಿತಿಗೆ ಒಪ್ಪಿಸಿದ ಲೆಕ್ಕದಲ್ಲಿ ಇವುಗಳ ಪೈಕಿ 50 ಕಾಣೆ. 14 ನಗರ ಬೆಳೆದು ನುಂಗಿದುವು, 12 ಜಲಾಶಯಗಳಲ್ಲಿ ಮುಳುಗಿದುವು, 24 ಎಲ್ಲಿದ್ದುವೆಂದೇ ಪತ್ತೆಯಿಲ್ಲ. ಸ್ಮಾರಕವೆಂದರೆ ಜೇಬಿನ ನಾಣ್ಯವೇ, ಕಳೆದುಹೋಗಲು? ಇವುಗಳಲ್ಲಿ ತಾಜಮಹಲು ಇಲ್ಲ, ಇರುವುದೂ ಸಾಧ್ಯವಿಲ್ಲ. ಕಳೆದುಹೋದುವೆಲ್ಲ ‘ಅಲ್ಲಿ ನೋಡಲು ಏನಿದೆ?’ ಎನಿಸಿಕೊಂಡಂಥವೇ. ಹೋಗಿ ನೋಡುವವರಿದ್ದಿದ್ದರೆ ‘ಕಳೆದ ವರ್ಷ ಇತ್ತು, ಈಗ ಎಲ್ಲಿ?’ ಎಂದು ಕೇಳುವ ಒಂದು ಬಾಯಾದರೂ ಇರುತ್ತಿತ್ತು. ಕಾವಲುಗಾರನಿಲ್ಲದ ಆಸ್ಸೆರ್ಬೋವನ್ನು ಕಾಯುತ್ತಿರುವುದು ಭಾನುವಾರ ಮಕ್ಕಳೊಡನೆ ಬುತ್ತಿ ಕಟ್ಟಿಕೊಂಡು ಬರುವ ಸುತ್ತಲಿನ ಸಾಮಾನ್ಯ ಜನ. ಕಾನೂನಿಗೆ ಕಣ್ಣು ಕೊಡುವವರು ಅವರೇ.

ಹೊರನಾಡ ಕನ್ನಡಿಗರಾದ ನಮಗೆ ಇದರಲ್ಲಿ ವಿಶೇಷ ಹೊಣೆಯಿದೆ. ನಾವು ನೆಲೆಸಿದ ನಗರಗಳ ಸುತ್ತ ಕನ್ನಡದ ಗುರುತುಗಳೇ ಇಂಥ ಹೆಸರಿಲ್ಲದ ಜಾಗಗಳಲ್ಲಿ ಉಳಿದಿವೆ. ಹೈದರಾಬಾದಿನ ಬಾಂಧವರು ಕರೀಂನಗರದ ಕಡೆ ಕುರಿಕ್ಯಾಲದ ಬೊಮ್ಮಲಗುಟ್ಟವನ್ನು ನೋಡಿದ್ದಾರೆಯೇ? ಆದಿಕವಿ ಪಂಪನ ತಮ್ಮ ಜಿನವಲ್ಲಭ 10ನೆಯ ಶತಮಾನದಲ್ಲಿ ಕನ್ನಡ, ತೆಲುಗು, ಸಂಸ್ಕೃತ ಮೂರರಲ್ಲೂ ಬರೆಸಿದ ಶಾಸನ ಆ ಬಂಡೆಯ ಮೇಲಿದೆ. ಸುತ್ತ ಕಲ್ಲುಗಣಿಯ ಕಾಟ ಅದಕ್ಕೆ ತಪ್ಪಿದ್ದಲ್ಲ. ಪಂಪನ ಜಯಂತಿಗೆ ಹಾರ ತುರಾಯಿ ತರುವ ನಾವು ಅವನ ತಮ್ಮನ ಬಂಡೆಯವರೆಗೆ ಒಂದು ದಿನ ನಡೆದು ಹೋಗಬಾರದೆ? ಚೆನ್ನೈನವರಿಗಂತೂ ಡೆನ್ಮಾರ್ಕೇ ಹತ್ತಿರದಲ್ಲಿದೆ. ತಂಜಾವೂರಿನ ರಘುನಾಥ ನಾಯಕನಿಂದ ಒಪ್ಪಿಗೆ ಪಡೆದು ಡೇನರು 1620ರಲ್ಲಿ ತರಂಗಂಬಾಡಿಯಲ್ಲಿ ಕೋಟೆ ಕಟ್ಟಿದರು. 1845ರಲ್ಲಿ ಅದನ್ನು ಇಂಗ್ಲಿಷರಿಗೆ ಮಾರಿ ಹೋದರು. ಕೋಟೆ ಇಂದಿಗೂ ನಿಂತಿದೆ. ಅದರ ಪಕ್ಕದ ಪಾಂಡ್ಯರ ಕಾಲದ ಶಿವಾಲಯದ ಬಹುಭಾಗವನ್ನು ಕಡಲು ನುಂಗಿದೆ. ಒಂದೆಡೆ ಮರಳು, ಇನ್ನೊಂದೆಡೆ ನೀರು. ಅಲಕ್ಷ್ಯಕ್ಕೆ ಆಯುಧಗಳ ಕೊರತೆಯಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಸರಳ. ಸಂಘದ ವಾರ್ಷಿಕ ಪ್ರವಾಸಗಳಲ್ಲಿ ಪ್ರತಿಸಲ ಒಂದು, ಒಂದೇ ಒಂದು, ಹೆಸರಿಲ್ಲದ ಜಾಗ ಸೇರಲಿ. ಹೊರಡುವ ಮುಂಚೆ ಸದಸ್ಯರಲ್ಲಿ ಒಬ್ಬರು ಅದರ ವಿಷಯ ಓದಿಕೊಂಡು ಬಂದು ಬಸ್ಸಿನಲ್ಲಿ ಹತ್ತು ನಿಮಿಷ ಹೇಳಲಿ. ಅಲ್ಲಿ ಗೋಡೆ ಹತ್ತುವುದು, ಹೆಸರು ಗೀಚುವುದು, ನೆನಪಿಗೆಂದು ಒಂದು ಚೂರು ಇಟ್ಟಿಗೆ ಚೀಲಕ್ಕೆ ಹಾಕಿಕೊಳ್ಳುವುದು ನಡೆಯಕೂಡದು. ಏನಾದರೂ ಹಾಳಾಗಿರುವುದು, ಕದ್ದುಹೋಗಿರುವುದು ಕಂಡರೆ ಪುರಾತತ್ವ ಇಲಾಖೆಗೆ ಸಂಘದ ಕಾಗದದ ಮೇಲೆ ಬರೆಯೋಣ. ಮರು ವರ್ಷ ಹೋಗಿ ಉತ್ತರ ಏನಾಯಿತೆಂದು ನೋಡೋಣ. ಪರದೇಶಕ್ಕೆ ಹೋಗುವ ಬಾಂಧವರು ತಮ್ಮ ಏಳೆಂಟು ದಿನಗಳಲ್ಲಿ ಅರ್ಧ ದಿನವನ್ನು ಇಂಥದೊಂದು ಜಾಗಕ್ಕೆ ಮೀಸಲಿಡಲಿ. ಇದಕ್ಕೆ ಖರ್ಚು ಹೆಚ್ಚಿಲ್ಲ. ಬೇಕಾದುದು ಕಾಲು, ಕಣ್ಣು ಮತ್ತು ಒಂದಿಷ್ಟು ಮೌನ.

ಇದನ್ನು ಓದಿದ ಮೇಲೂ ‘ಅಲ್ಲಿ ನೋಡಲು ಏನಿದೆ?’ ಎನ್ನುವವರು ಇದ್ದೇ ಇರುತ್ತಾರೆ. ಅವರೊಡನೆ ನಮಗೆ ಜಗಳವಿಲ್ಲ. ಹುಲ್ಲಿನ ಬೇರು ಕೀಳುತ್ತಿದ್ದ ದಿನಗಳಲ್ಲಿ ಆಸ್ಸೆರ್ಬೋದವರೂ ಆ ಹುಲ್ಲನ್ನು ನೋಡಿ ‘ಇದರಲ್ಲಿ ಏನಿದೆ?’ ಎಂದೇ ಅಂದುಕೊಂಡಿರಬೇಕು. ಅದರಲ್ಲಿ ಏನಿತ್ತೆಂಬುದು ಊರು ಹೂತ ಮೇಲೆ ತಿಳಿಯಿತು.